ಪರಮತದ ಮೃತರಿಗಾಗಿ ಪ್ರಾರ್ಥನೆ: ಕರುಣೆಯೂ ಮರ್ಯಾದೆಯೂ

ಮೃತನಾದವನಿಗಾಗಿ ಬದುಕಿರುವವನು ಏನನ್ನಾದರೂ ಮಾಡಬಲ್ಲನೆ ಎಂಬ ಪ್ರಶ್ನೆ ಅತ್ಯಂತ ಪುರಾತನವಾದುದು. ಮಾಡಬಲ್ಲನೆಂದು ಒಪ್ಪುವ ಧರ್ಮಗಳಿಗೆ ಅದಕ್ಕಿಂತ ಕಠಿನವಾದ ಇನ್ನೊಂದು ಪ್ರಶ್ನೆ ಎದುರಾಗುತ್ತದೆ. ಆ ಮೃತನು ಪರಮತೀಯನಾಗಿದ್ದರೆ ಏನು ಮಾಡಬೇಕು? ಬದುಕಿದ್ದಾಗ ಯಾವ ವಿಧಿಯನ್ನು ಆತನು ಸ್ವೀಕರಿಸಲಿಲ್ಲವೋ, ಅದೇ ವಿಧಿಯನ್ನು ಮರಣಾನಂತರ ಆತನ ಹೆಸರಿನಲ್ಲಿ ನೆರವೇರಿಸುವುದು ಕರುಣೆಯೋ ಅತಿಕ್ರಮಣವೋ? ರೋಮನ್ ಕ್ಯಾಥೊಲಿಕ್ ಧರ್ಮಸಭೆಯು ಈ ಪ್ರಶ್ನೆಯನ್ನು ಬಹುಕಾಲ ಎದುರಿಸುತ್ತ ಬಂದಿದೆ. ಅದು ನಡೆದ ದಾರಿಯನ್ನು ಪರಿಶೀಲಿಸುವುದು ಯಾವ ಧರ್ಮದ ವಿಚಾರಶೀಲರಿಗೂ ಉಪಯುಕ್ತವಾದುದು.

ಕ್ಯಾಥೊಲಿಕ್ ಸಿದ್ಧಾಂತದಂತೆ, ದೇವರ ಕೃಪೆಯಲ್ಲಿ ಮರಣ ಹೊಂದಿಯೂ ಪೂರ್ಣ ಶುದ್ಧರಾಗದ ಆತ್ಮಗಳು ಶುದ್ಧೀಕರಣದ ಅವಸ್ಥೆಯೊಂದನ್ನು ದಾಟಿ ಸ್ವರ್ಗವನ್ನು ಸೇರುತ್ತವೆ. ಬದುಕಿರುವವರು ಬಲಿಪೂಜೆ, ಪ್ರಾರ್ಥನೆ, ದಾನ, ಉಪವಾಸಗಳಿಂದ ಆ ಆತ್ಮಗಳಿಗೆ ನೆರವಾಗಬಲ್ಲರು. ಇದಕ್ಕೆ ಆಧಾರವಾಗಿ ಮಕ್ಕಬಿಯರ ಎರಡನೆಯ ಗ್ರಂಥದ ಪ್ರಸಂಗವೊಂದನ್ನು ಹೇಳುತ್ತಾರೆ. ಯುದ್ಧದಲ್ಲಿ ಮಡಿದ ಯೆಹೂದಿ ಸೈನಿಕರ ಉಡುಪಿನೊಳಗೆ ಅವರ ಧರ್ಮಕ್ಕೆ ನಿಷಿದ್ಧವಾದ ವಿಗ್ರಹದ ತಾಯಿತಗಳು ಕಂಡುಬಂದಾಗ, ನಾಯಕನಾದ ಯೂದನು ಅವರನ್ನು ತಿರಸ್ಕರಿಸದೆ, ಹಣವನ್ನು ಸಂಗ್ರಹಿಸಿ ಪಾಪಪರಿಹಾರದ ಬಲಿಗಾಗಿ ಜೆರುಸಲೇಮಿಗೆ ಕಳುಹಿಸಿದನು. ಕ್ಲೂನಿ ಮಠದ ಅಧಿಪತಿ ಓಡಿಲೋ ಕ್ರಿ.ಶ. 998ರ ಸುಮಾರಿಗೆ ನವೆಂಬರ್ 2ನ್ನು ಸಕಲ ಮೃತರ ಸ್ಮರಣೆಯ ದಿನವನ್ನಾಗಿ ನಿಯಮಿಸಿದನು. 1563ರಲ್ಲಿ ಟ್ರೆಂಟ್ ಮಹಾಸಭೆಯು ಈ ಸಿದ್ಧಾಂತವನ್ನು ಪುನಃ ಸ್ಥಿರಪಡಿಸಿತು.

ಆದರೆ ನರಕವನ್ನು ಸೇರಿದವರಿಗೆ ಈ ನೆರವು ತಲುಪದೆಂಬುದು ಅದೇ ಸಿದ್ಧಾಂತದ ಇನ್ನೊಂದು ಭಾಗ. ಹಾಗಾದರೆ ಜ್ಞಾನಸ್ನಾನವಿಲ್ಲದೆ ಮಡಿದವರ ಗತಿಯೇನು? ಇಲ್ಲಿ ಮನುಷ್ಯನ ಹೃದಯವು ಅನೇಕ ವೇಳೆ ಶಾಸ್ತ್ರಕ್ಕಿಂತ ಮುಂದೆ ನಡೆದಿದೆ. 203ರಲ್ಲಿ ಕಾರ್ಥೇಜಿನ ಸೆರೆಮನೆಯಲ್ಲಿದ್ದ ಪೆರ್ಪೆತುವಾ ಎಂಬ ತರುಣಿಯು, ಏಳನೆಯ ವಯಸ್ಸಿನಲ್ಲಿ ವ್ಯಾಧಿಯಿಂದ ಮಡಿದ ತನ್ನ ತಮ್ಮನಿಗಾಗಿ ಪ್ರಾರ್ಥಿಸಿದಳು. ಬಾಯಾರಿ ಬಳಲುತ್ತಿದ್ದ ಅವನು ತೃಪ್ತನಾಗಿ ನೀರು ಕುಡಿಯುವುದನ್ನು ದರ್ಶನದಲ್ಲಿ ಕಂಡಳು. ಆ ಬಾಲಕನಿಗೆ ಜ್ಞಾನಸ್ನಾನವಾಗಿದ್ದಿರಬಹುದೆಂದು ಆಗಸ್ಟೀನನು ಮುಂದೆ ವಾದಿಸಬೇಕಾಯಿತು. 392ರಲ್ಲಿ ಚಕ್ರವರ್ತಿ ಎರಡನೆಯ ವ್ಯಾಲೆಂಟಿನಿಯನ್ ದೀಕ್ಷೆಗೆ ಮುನ್ನವೇ ಮೃತನಾದಾಗ, ದೀಕ್ಷೆಯ ಅಪೇಕ್ಷೆಯೇ ಸಾಕೆಂದು ಹೇಳಿ ಮಿಲಾನಿನ ಆಂಬ್ರೋಸನು ಅವನಿಗಾಗಿ ಪ್ರಾರ್ಥಿಸಿದನು. ಇನ್ನೊಂದು ಐತಿಹ್ಯದಂತೆ, 604ರಲ್ಲಿ ಮೃತನಾದ ಪೋಪ್ ಗ್ರೆಗೊರಿಯು, ಐದು ಶತಮಾನಗಳ ಹಿಂದಿನ ಅಕ್ರೈಸ್ತ ಚಕ್ರವರ್ತಿ ಟ್ರಾಜನನ ನ್ಯಾಯಪರತೆಯನ್ನು ನೆನೆದು ಕಣ್ಣೀರಿಟ್ಟನಂತೆ. ಆ ಕಣ್ಣೀರಿನಿಂದ ಟ್ರಾಜನನು ನರಕದಿಂದ ಬಿಡುಗಡೆ ಹೊಂದಿದನಂತೆ. ಕವಿ ದಾಂತೆ ತನ್ನ ಕಾವ್ಯದಲ್ಲಿ ಟ್ರಾಜನನಿಗೆ ಸ್ವರ್ಗದಲ್ಲಿಯೇ ಸ್ಥಾನವನ್ನು ಕೊಟ್ಟಿದ್ದಾನೆ. ಇದು ಇತಿಹಾಸವಲ್ಲದಿರಬಹುದು, ಆದರೆ ಸಜ್ಜನನಾದ ಪರಮತೀಯನನ್ನು ಕೈಬಿಡಲು ಜನಮನಸ್ಸು ಒಪ್ಪಲಿಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಶಾಸನವಾದರೋ ಬಹುಕಾಲ ಕಠೋರವಾಗಿಯೇ ಉಳಿಯಿತು. 1841ರಲ್ಲಿ ಬವೇರಿಯದ ರಾಜಮಾತೆ ಕ್ಯಾರೊಲಿನ್ ಮರಣ ಹೊಂದಿದಳು. ಕ್ಯಾಥೊಲಿಕ್ ರಾಜನ ವಿಧವೆಯಾದರೂ ಅವಳು ಕಡೆಯವರೆಗೂ ಪ್ರೊಟೆಸ್ಟಂಟಳಾಗಿಯೇ ಇದ್ದಳು. ಮ್ಯೂನಿಕ್ಕಿನಲ್ಲಿ ಪಾದ್ರಿಗಳು ಪೂಜಾವಸ್ತ್ರವಿಲ್ಲದೆ, ಸಾಧಾರಣ ಉಡುಪಿನಲ್ಲಿ ಅವಳ ಶವವನ್ನು ಬರಮಾಡಿಕೊಂಡರು. ಆಗ್ಸ್‌ಬರ್ಗಿನ ಧರ್ಮಾಧ್ಯಕ್ಷನು ಅವಳಿಗಾಗಿ ಬಹಿರಂಗವಾಗಿ ಬಲಿಪೂಜೆಯನ್ನು ಅರ್ಪಿಸಿದುದಕ್ಕೆ ಪೋಪ್ ಹದಿನಾರನೆಯ ಗ್ರೆಗೊರಿಯು 1842ರಲ್ಲಿ ಪತ್ರಮುಖೇನ ಆಕ್ಷೇಪಿಸಿದನು. ಕ್ಯಾರೊಲಿನಳ ಮಲಮಗನಾದ ರಾಜ ಮೊದಲನೆಯ ಲುಡ್ವಿಗನಿಗೆ ಈ ವರ್ತನೆಯಿಂದ ಬಹಳ ನೋವಾಯಿತು. 1917ರ ಧರ್ಮಸಂಹಿತೆಯೂ ಇಂತಹವರಿಗೆ ಸಾರ್ವಜನಿಕ ಅಂತ್ಯವಿಧಿಗಳನ್ನು ನಿಷೇಧಿಸಿತು.

ಎರಡನೆಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ಇನ್ನೊಂದು ಬಾಗಿಲನ್ನು ತೆರೆಯಿತು. ಸ್ವದೋಷವಿಲ್ಲದೆ ಕ್ರಿಸ್ತನನ್ನು ಅರಿಯದಿದ್ದರೂ, ಪ್ರಾಮಾಣಿಕವಾಗಿ ದೇವರನ್ನು ಅರಸಿ ಅಂತಃಸಾಕ್ಷಿಯಂತೆ ನಡೆಯುವವರು ರಕ್ಷಣೆಯನ್ನು ಪಡೆಯಬಲ್ಲರೆಂದು ಅದು ಸಾರಿತು. 1976ರಲ್ಲಿ ರೋಮಿನಿಂದ ಹೊರಟ ಆಜ್ಞೆಯೊಂದು, ಕ್ಯಾಥೊಲಿಕರಲ್ಲದ ಕ್ರೈಸ್ತರಿಗಾಗಿ ಬಹಿರಂಗ ಬಲಿಪೂಜೆ ಸಾಮಾನ್ಯವಾಗಿ ಸಲ್ಲದೆಂಬ ನಿಯಮವನ್ನು ಉಳಿಸಿಕೊಂಡು, ಅದಕ್ಕೆ ಅಪವಾದವನ್ನೂ ಕಲ್ಪಿಸಿತು. ಮೃತನ ಬಂಧುಗಳೋ ಮಿತ್ರರೋ ನಿಜವಾದ ಧರ್ಮಭಾವದಿಂದ ಕೋರಬೇಕು. ಅದರಿಂದ ಭಕ್ತರ ಮನಸ್ಸು ಕದಡುವಂತಿರಬಾರದು. ಬಲಿಪೂಜೆಯ ಮುಖ್ಯ ಪ್ರಾರ್ಥನೆಯೊಳಗೆ ಮೃತನ ಹೆಸರನ್ನು ಉಚ್ಚರಿಸಬಾರದು. ಸಾಮಾನ್ಯ ನಿಯಮಕ್ಕೆ ಅದು ಕೊಟ್ಟ ಕಾರಣವು ಮನನೀಯವಾದುದು: ಕ್ಯಾಥೊಲಿಕ್ ಶ್ರದ್ಧೆಯನ್ನು ಪೂರ್ಣವಾಗಿ ಒಪ್ಪದಿದ್ದ ಮೃತನ ಅಂತಃಸಾಕ್ಷಿಗೆ ಗೌರವವನ್ನು ಸಲ್ಲಿಸಬೇಕು. ಕೊನೆಗೆ 1983ರ ಸಂಹಿತೆಯ 901ನೆಯ ವಿಧಿಯು, ಜೀವಂತರಾಗಲಿ ಮೃತರಾಗಲಿ, ಯಾರಿಗಾಗಿಯೂ ಬಲಿಪೂಜೆಯನ್ನು ಅರ್ಪಿಸಲು ಯಾಜಕನಿಗೆ ಸ್ವಾತಂತ್ರ್ಯವುಂಟೆಂದು ಹೇಳಿತು.

ಹೀಗೆ ನಿಷೇಧದ ಕಾರಣವೇ ಪರಿವರ್ತನೆ ಹೊಂದಿದುದನ್ನು ಗಮನಿಸಬೇಕು. ಹಿಂದೆ ಪರಮತೀಯನು ಅನರ್ಹನೆಂಬುದು ಕಾರಣವಾಗಿತ್ತು. ಈಗ ಆತನ ಆಯ್ಕೆಯು ಗೌರವಾರ್ಹವೆಂಬುದು ಕಾರಣವಾಯಿತು. ಕನ್ನಡದ ‘ಮರ್ಯಾದೆ’ ಎಂಬ ಶಬ್ದಕ್ಕೆ ಎಲ್ಲೆ ಎಂಬ ಅರ್ಥವೂ ಉಂಟು, ಗೌರವ ಎಂಬ ಅರ್ಥವೂ ಉಂಟು. ಇಲ್ಲಿ ಅವೆರಡೂ ಒಂದಾಗಿವೆ. ಏಕಾಂತದಲ್ಲಿ ಪ್ರಾರ್ಥಿಸುವವನು ಮೃತನ ಒಳಿತನ್ನು ಬೇಡುತ್ತಾನೆಯೇ ಹೊರತು ಆತನ ವಿಷಯದಲ್ಲಿ ಏನನ್ನೂ ಘೋಷಿಸುವುದಿಲ್ಲ. ಬಹಿರಂಗ ವಿಧಿಯಾದರೋ ಮೃತನು ಯಾರವನೆಂಬುದನ್ನು ಲೋಕಕ್ಕೆ ಸಾರುತ್ತದೆ. ಆ ಮಾತಿಗೆ ಮೃತನು ಉತ್ತರ ಕೊಡಲಾರನು. ಅಮೆರಿಕದ ಮಾರ್ಮನ್ ಪಂಥದವರು ಮೃತರ ಪರವಾಗಿ ಜ್ಞಾನಸ್ನಾನವನ್ನು ಮಾಡಿಸಿಕೊಳ್ಳುತ್ತಾರೆ. ನಾಜಿಗಳಿಂದ ಹತರಾದ ಯೆಹೂದಿಗಳ ಹೆಸರುಗಳೂ ಅದರಲ್ಲಿ ಸೇರಿದಾಗ ಯೆಹೂದಿ ಸಮಾಜವು ಪ್ರತಿಭಟಿಸಿತು. ಅದನ್ನು ನಿಲ್ಲಿಸಲು 1995ರಲ್ಲಿ ಒಪ್ಪಂದವಾಯಿತು. ಯಾವ ಧರ್ಮಕ್ಕಾಗಿ ಪ್ರಾಣವನ್ನು ಕಳೆದುಕೊಂಡರೋ ಆ ಧರ್ಮದಿಂದ ಅವರ ಹೆಸರನ್ನು ಬೇರ್ಪಡಿಸಿದಂತಾಯಿತೆಂಬುದೇ ಅವರ ವ್ಯಥೆ.

ಜೈನ ಸಿದ್ಧಾಂತದಲ್ಲಿ ಈ ಪ್ರಶ್ನೆ ಬೇರೆ ರೂಪವನ್ನು ತಾಳುತ್ತದೆ. ಕರ್ಮದ ಕರ್ತೃವೂ ಭೋಕ್ತೃವೂ ಆಯಾ ಜೀವನೇ. ದೇಹವನ್ನು ತ್ಯಜಿಸಿದ ಜೀವನು ಮರುಹುಟ್ಟನ್ನು ಸೇರುವ ವಿಗ್ರಹಗತಿಯು ನಾಲ್ಕು ಸಮಯಗಳನ್ನು ಮೀರದು. ಆದುದರಿಂದ ನೆರವಿಗಾಗಿ ಕಾದು ನಿಂತ ಆತ್ಮವೂ ಇಲ್ಲ, ಒಬ್ಬರ ಉಪವಾಸದ ಫಲವು ಇನ್ನೊಬ್ಬರಿಗೆ ವರ್ಗವಾಗುವುದೂ ಇಲ್ಲ. ಆದರೆ ಪ್ರಾರ್ಥಿಸುವವನ ಭಾವವು ವ್ಯರ್ಥವಲ್ಲ. ಸಕಲ ಜೀವಿಗಳಲ್ಲಿ ಮೈತ್ರಿ, ಕ್ಲೇಶಪಡುವವರಲ್ಲಿ ಕಾರುಣ್ಯ ಎಂಬ ಭಾವನೆಗಳು ಭಾವಿಸುವವನ ಪರಿಣಾಮವನ್ನೇ ಶುದ್ಧಗೊಳಿಸುತ್ತವೆ.

ಶ್ರಾವಕನ ಮನೆಯಲ್ಲಿ ಹಿರಿಯರೊಬ್ಬರು ದಿವಂಗತರಾದಾಗ, ಕ್ಯಾಥೊಲಿಕ್ ಮಿತ್ರನೊಬ್ಬನು ಬಂದು, ಅವರಿಗಾಗಿ ಬಲಿಪೂಜೆಯನ್ನು ಮಾಡಿಸಿದುದಾಗಿ ಹೇಳಬಹುದು. ಆಗ ಮನೆಯವರು ಸಿದ್ಧಾಂತದ ಚರ್ಚೆಗೆ ಇಳಿಯಬೇಕಾಗಿಲ್ಲ, ಮುನಿಯಬೇಕಾಗಿಯೂ ಇಲ್ಲ. ತನಗೆ ಅತ್ಯಂತ ಪವಿತ್ರವಾದುದನ್ನೇ ಆತನು ಅಗಲಿದ ಮಿತ್ರನಿಗಾಗಿ ಅರ್ಪಿಸಿದ್ದಾನೆ. ಸ್ವಸಿದ್ಧಾಂತವನ್ನು ಬಿಡದೆಯೇ ಆ ಸ್ನೇಹವನ್ನು ಕೈಮುಗಿದು ಸ್ವೀಕರಿಸಬಹುದು. ಹಾಗೆಯೇ, ಹಿರಿಯರ ಸ್ಮರಣಾರ್ಥವಾಗಿ ಉಪವಾಸವನ್ನು ಕೈಗೊಳ್ಳುವ ಶ್ರಾವಕನು ಅದರ ಫಲವನ್ನು ಅವರಿಗೆ ಕಳುಹಿಸುತ್ತಿರುವುದಾಗಿ ಭಾವಿಸದೆ, ಅವರ ಗುಣಗಳು ತನ್ನಲ್ಲಿ ನೆಲೆಸಲೆಂದು ಭಾವಿಸಿದರೆ ಆ ವ್ರತವು ಸಾರ್ಥಕವಾಗುತ್ತದೆ. ಮೃತರಿಗೆ ಬದುಕಿರುವವರು ಸಲ್ಲಿಸಬಹುದಾದ ನಿಜವಾದ ಮರ್ಯಾದೆಯು ಅವರು ಬಾಳಿದ ಬಾಳನ್ನು ಅವರದಾಗಿಯೇ ಉಳಿಯಗೊಡುವುದು.