ಅವಳ ಉತ್ತರ, ನನ್ನ ಕೈ

(ಮೈಸೂರು. ಅಂಧ ವಿದ್ಯಾರ್ಥಿಗಳ ಪದವಿ ಪರೀಕ್ಷೆಗೆ ಲಿಪಿಕಾರರಾಗಿ ಹೋಗುವ ಸೋದರತ್ತೆ. ಕೆಲಸ ಹೋದ ಮೇಲೆ ಮನಸ್ಸು ಕುಗ್ಗಿ ಚಿಕಿತ್ಸೆ ಪಡೆಯುತ್ತಿರುವ ಸೋದರಳಿಯ.)

ಅಳಿಯ: ಅತ್ತೆ, ಡಾಕ್ಟರು ಗುಳಿಗೆ ಬರೆದುಕೊಟ್ಟು ಇನ್ನೊಂದು ಮಾತು ಹೇಳಿದ್ರು. ವಾರಕ್ಕೊಂದು ಸಲ ಯಾರಿಗಾದರೂ ಉಪಯೋಗವಾಗೋ ಕೆಲಸ ಮಾಡಿ, ದುಡ್ಡಿಗಲ್ಲದೆ, ಅಂತ. ಅದು ಯಾಕೋ ನನಗೆ ಒಪ್ಪಿಗೆಯಾಗ್ತಿಲ್ಲ.

ಅತ್ತೆ: ಏನು ತೊಂದರೆ?

ಅಳಿಯ: ನನ್ನ ದುಃಖ ಕಳೆಯೋಕೆ ಇನ್ನೊಬ್ಬರ ಕಷ್ಟ ಹುಡುಕಿಕೊಂಡು ಹೋಗಬೇಕಾ? ಕಣ್ಣು ಕಾಣದ ಹುಡುಗಿಯನ್ನ ನನ್ನ ಔಷಧಿ ಮಾಡಿಕೊಂಡ ಹಾಗಲ್ವಾ ಅದು?

ಅತ್ತೆ: ಕೇಳಲೇಬೇಕಾದ ಪ್ರಶ್ನೆ. ನಿಮ್ಮ ಮಾವ ಹೋದ ಮೇಲೆ ನಾನು ಈ ಕೆಲಸಕ್ಕೆ ಇಳಿದದ್ದೂ ಮನೆಯಲ್ಲಿ ಒಬ್ಬಳೇ ಇರಲಾರದೆ. ಯಾವ ಹುಡುಗಿಯ ಮುಖವೂ ಆಗ ನನ್ನ ಕಣ್ಣಮುಂದೆ ಇರಲಿಲ್ಲ.

ಅಳಿಯ: ಹಾಗಾದರೆ ಇದನ್ನ ಕೇಳಿ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 1957ರಲ್ಲಿ ಹೈಸ್ಕೂಲು ಮುಗಿಸಿದವರನ್ನ ದಶಕಗಳ ಕಾಲ ವಿಚಾರಿಸ್ತಾ ಬಂದಿದ್ದಾರೆ. ವಯಸ್ಸಾದ ಮೇಲೆ, ‘ನೀವು ಸ್ವಯಂಸೇವೆಗೆ ಹೋಗೋದು ಯಾಕೆ?’ ಅಂತಲೂ ಕೇಳಿದ್ರು. ಸಾರಾ ಕೊನ್ರಾತ್ ಮತ್ತು ಸಂಗಡಿಗರು 2012ರಲ್ಲಿ ಅದರ ಫಲಿತಾಂಶ ಬರೆದರು. ಬೇರೆಯವರಿಗಾಗಿ ಹೋದವರಲ್ಲಿ ಮುಂದಿನ ನಾಲ್ಕು ವರ್ಷದಲ್ಲಿ ಸಾವು ಕಡಿಮೆ. ತಮಗೋಸ್ಕರ ಹೋದವರಲ್ಲಿ, ಸೇವೆಯನ್ನೇ ಮಾಡದವರಲ್ಲಿ ಇದ್ದಷ್ಟೇ. ನಾನು ಎರಡನೇ ಗುಂಪಿನವನು. ನೀವೂ ಅಷ್ಟೇ.

ಅತ್ತೆ: ಮನೆ ಬಿಡುವಾಗ ಹೌದು. ಪರೀಕ್ಷಾ ಕೊಠಡಿಯಲ್ಲಿ ಏನಾಗುತ್ತೆ ಹೇಳ್ತೀನಿ. ಮೂರು ಗಂಟೆಯ ಪತ್ರಿಕೆಗೆ ಕಣ್ಣು ಕಾಣದವರಿಗೆ ಒಂದು ಗಂಟೆ ಹೆಚ್ಚು ಸಿಗುತ್ತೆ. ಆ ನಾಲ್ಕು ಗಂಟೆ ಅವರು ಹೇಳಿದ್ದನ್ನ ಹೇಳಿದ ಹಾಗೇ ಬರೀಬೇಕು. ಒಂದು ಸಲ ಒಬ್ಬ ಹುಡುಗಿ, ಮೈಸೂರು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದದ್ದು 1956ರಲ್ಲಿ ಅಂದಳು. ಅದು ಏಕೀಕರಣದ ವರ್ಷ, ಹೆಸರು ಬದಲಾದದ್ದು 1973ರಲ್ಲಿ. ನನಗೆ ಗೊತ್ತು. ನಾಲಿಗೆ ತುದಿಯವರೆಗೂ ಬಂತು. ಆದರೂ 1956 ಅಂತಲೇ ಬರೆದೆ.

ಅಳಿಯ: ಸಂಕಟ ಆಗಲಿಲ್ವಾ?

ಅತ್ತೆ: ಆಯಿತು. ಆದರೆ ಉತ್ತರ ಅವಳದು, ತಪ್ಪಿದರೂ ಅವಳದೇ. ಅಲ್ಲಿ ನನ್ನ ತಿಳಿವಳಿಕೆಗೂ ಜಾಗವಿಲ್ಲ, ನನ್ನ ಕನಿಕರಕ್ಕೂ ಜಾಗವಿಲ್ಲ. ದುಃಖದಲ್ಲಿದ್ದಾಗ ಮನಸ್ಸು ‘ನನಗೆ ಹೀಗಾಯಿತಲ್ಲ’ ಅಂತ ಅಲ್ಲೇ ಸುತ್ತುತ್ತಾ ಇರುತ್ತೆ, ಬಿಡು ಅಂದರೆ ಬಿಡಲ್ಲ. ಆದರೆ ಅವಳ ಮುಂದಿನ ವಾಕ್ಯ ಕಿವಿಗೆ ಬಿದ್ದಾಗ ಬಿಡಲೇಬೇಕು. ಒಂದು ಪದ ತಪ್ಪಿಸಿಕೊಂಡರೆ ನಷ್ಟ ಅವಳಿಗೆ. ನೀನು ಔಷಧಿ ಅಂದ್ಯಲ್ಲ, ಅವಳನ್ನ ಔಷಧಿ ಅಂದುಕೊಂಡು ಕೂತರೆ ಪತ್ರಿಕೆ ಬರೆಯೋಕೇ ಆಗಲ್ಲ.

ಅಳಿಯ: ಆದರೂ, ಮೊದಲೇ ಗಟ್ಟಿಯಾಗಿರೋರೇ ಇಂಥ ಕೆಲಸಕ್ಕೆ ಬರ್ತಾರೆ, ಕೆಲಸದಿಂದ ಗಟ್ಟಿಯಾಗೋದಿಲ್ಲ ಅನ್ನೋ ಅನುಮಾನ ಉಂಟು. ಅದನ್ನ ಪರೀಕ್ಷಿಸೋಕೆ ಕೆನಡಾದಲ್ಲಿ ಹತ್ತನೇ ತರಗತಿಯ ಮಕ್ಕಳನ್ನ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪನ್ನ ಹತ್ತು ವಾರ ಚಿಕ್ಕ ಮಕ್ಕಳ ಜೊತೆ ಕೆಲಸಕ್ಕೆ ಕಳಿಸಿದರು. 2013ರ ವರದಿ. ಹೋದವರ ರಕ್ತದಲ್ಲಿ ಕೊಲೆಸ್ಟ್ರಾಲೂ ಉರಿಯೂತದ ಗುರುತೂ ಕಡಿಮೆ. ಅನುಕಂಪ ಹೆಚ್ಚು ಬೆಳೆದವರಿಗೆ ಲಾಭವೂ ಹೆಚ್ಚು.

ಅತ್ತೆ: ‘ಬೆಳೆದವರಿಗೆ’ ಅಂದೆ. ಮೊದಲೇ ಇದ್ದವರಿಗೆ ಅನ್ನಲಿಲ್ಲ.

ಅಳಿಯ: ...ಹೌದು. ಹಾಗಾದರೆ ನಾನು ಯಾವ ಗುಂಪು ಅನ್ನೋದು ಹೋಗೋ ಮುಂಚೆಯೇ ತೀರ್ಮಾನವಾಗಿರಲ್ಲ.

ಅತ್ತೆ: ಹೊರಡುವಾಗ ಶುದ್ಧ ಮನಸ್ಸೇ ಇರಬೇಕು ಅಂದಿದ್ದರೆ ನಾನಂತೂ ಹೊರಡ್ತಿರಲಿಲ್ಲ. ಆದರೆ ಗುಳಿಗೆ ನಿಲ್ಲಿಸಬೇಡ. ಬೆಳಿಗ್ಗೆ ಏಳೋಕೇ ಆಗದವರಿಗೆ ‘ಸೇವೆ ಮಾಡು, ಸರಿಹೋಗ್ತೀಯ’ ಅನ್ನೋದು ಕ್ರೌರ್ಯ. ನೀನೀಗ ಎದ್ದು ಓಡಾಡ್ತಿದ್ದೀಯ, ಅದಕ್ಕೇ ಹೇಳ್ತಿದ್ದೀನಿ.

ಅಳಿಯ: ನಾನು ಇಂಜಿನಿಯರಿಂಗ್ ಮುಗಿಸಿದವನು. ಡಿಗ್ರಿ ಪರೀಕ್ಷೆಗೆ ಬರೀಬಹುದಾ?

ಅತ್ತೆ: ಆಗಲ್ಲ. ಕೇಂದ್ರದ ಮಾರ್ಗಸೂಚಿಯಲ್ಲಿ, ಪರೀಕ್ಷಾರ್ಥಿ ತಾನೇ ಕರೆತರೋ ಲಿಪಿಕಾರರು ಅವರಿಗಿಂತ ಕಡಿಮೆ ಓದಿರಬೇಕು ಅಂತಿದೆ. ಪಿಯುಸಿಗೇ ಓದು ನಿಂತಿದ್ದು ನನಗೆ ಇಲ್ಲಿ ಉಪಯೋಗಕ್ಕೆ ಬಂತು. ನೀನು ಪಾಠ ಓದಿ ರೆಕಾರ್ಡ್ ಮಾಡಬಹುದು. ಒಬ್ಬ ಹುಡುಗಿಗೆ ಇತಿಹಾಸದ ಎರಡು ಅಧ್ಯಾಯ ಬಾಕಿ, ಪರೀಕ್ಷೆ ಹತ್ತಿರ ಬಂತು.

ಅಳಿಯ: ಓದ್ತಾ ಓದ್ತಾ ದನಿ ನಡುಗಿದರೆ?

ಅತ್ತೆ: ನಿಲ್ಲಿಸಿ ಮತ್ತೆ ಶುರು ಮಾಡು. ಇಸವಿ, ಹೆಸರು ಎರಡೆರಡು ಸಲ ಹೇಳು, ಅವಳು ಕೇಳಿಯೇ ನೆನಪಿಟ್ಟುಕೊಳ್ಳಬೇಕು.