ಗುಡ್ಡ ಸುತ್ತಿ ಬರುವವರ ನ್ಯಾಯ

ಸುಮ್ಮನೆ ನಡೆಯುವವರ ಬಗ್ಗೆ ನಮ್ಮ ಭಾಷೆಗಳಿಗೆ ಅಂಥ ಗೌರವವೇನೂ ಇದ್ದಂತಿಲ್ಲ. ಕನ್ನಡದಲ್ಲಿ ಅಂಥವನು ತಿರುಬೋಕಿ, ಉರ್ದುವಿನಲ್ಲಿ ಆವಾರಾ. ಎರಡೂ ಬೈಗುಳಗಳೇ. ಹೆಣ್ಣೊಬ್ಬಳು ಹಾಗೆ ನಡೆದರಂತೂ ‘ಊರು ತಿರುಗುವವಳು’ ಎಂಬ ಮಾತು ಬೈಗುಳದ ಗಡಿ ದಾಟಿ ಅವಳ ನಡತೆಯ ಮೇಲಿನ ತೀರ್ಪೇ ಆಗಿಬಿಡುತ್ತದೆ. ಆದರೆ ಪವಿತ್ರವೆಂದು ನಂಬಿದ್ದೊಂದನ್ನು ನಡುವೆ ಇಟ್ಟುಬಿಟ್ಟರೆ ಅದೇ ತಿರುಗಾಟಕ್ಕೆ ಪ್ರದಕ್ಷಿಣೆ, ತವಾಫ್ ಎಂಬ ದೊಡ್ಡ ಹೆಸರುಗಳು ಬರುತ್ತವೆ. ದೇವರನ್ನು ಬಲಕ್ಕಿಟ್ಟುಕೊಂಡು ಸುತ್ತುವವರಿದ್ದಾರೆ. ಕಾಬಾವನ್ನು ಎಡಕ್ಕಿಟ್ಟುಕೊಂಡು ಏಳು ಸುತ್ತು ಬರುವವರಿದ್ದಾರೆ. ದಿಕ್ಕು ಬೇರೆಯಾದರೂ ಇಬ್ಬರೂ ಮರಳುವುದು ಹೊರಟ ಜಾಗಕ್ಕೇ. ಎಲ್ಲಿಗೂ ತಲುಪಿಸದ ಈ ನಡಿಗೆಯಿಂದ ಮನುಷ್ಯನಿಗೆ ಸಿಗುವುದಾದರೂ ಏನು? ಈ ಪ್ರಶ್ನೆಯನ್ನು ನಮ್ಮ ಬಳ್ಳಾರಿ ಸೀಮೆಯ ಗುಡ್ಡಗಳ ಮುಂದಿಟ್ಟು ನೋಡಬೇಕೆನಿಸುತ್ತದೆ.

ಸುತ್ತಿ ಬರುವುದಕ್ಕೆ ಹೇಳಿ ಮಾಡಿಸಿದಂಥ ಗುಡ್ಡಗಳು ಇವು. ಮಲೆನಾಡಿನ ಬೆಟ್ಟಗಳು ಒಂದರ ಹೆಗಲ ಮೇಲೊಂದು ಕೈಹಾಕಿ ಸಾಲುಗಟ್ಟಿ ನಿಂತಿರುತ್ತವೆ. ನಮ್ಮವು ಎರೆಭೂಮಿಯ ಬಯಲಿನಲ್ಲಿ ಒಂಟಿಯಾಗಿ ಎದ್ದು ನಿಂತ ಬಂಡೆಗಳ ರಾಶಿಗಳು. ಬಳ್ಳಾರಿಯ ಕೋಟೆ ಗುಡ್ಡ, ಅದರ ನೆರೆಯ ಕುಂಬಾರ ಗುಡ್ಡ, ಊರಾಚೆಯ ಸಂಗನಕಲ್ಲು, ಸಿಂದ ಅರಸರು ಆಳಿದ ಕುರುಗೋಡು, ಸಿರುಗುಪ್ಪದ ಹಾದಿಯ ತೆಕ್ಕಲಕೋಟೆ, ಹೀಗೆ. ಇವುಗಳಲ್ಲಿ ಯಾವುದಾದರೊಂದರ ಬುಡವನ್ನು ಹಿಡಿದು, ಹಗ್ಗ ಏಣಿಗಳ ಹಂಗಿಲ್ಲದೆ, ಬಿಸಿಲೇರುವ ಮುಂಚೆ ಯಾರು ಬೇಕಾದರೂ ಒಂದು ಸುತ್ತು ಬರಬಹುದು. ಕೋಟೆ ಗುಡ್ಡದ ಸುತ್ತಳತೆ ಸುಮಾರು ಎರಡು ಮೈಲಿ ಎಂದು ಬ್ರಿಟಿಷರ ಕಾಲದ ಗೆಜೆಟಿಯರುಗಳು ಬರೆದಿಟ್ಟಿವೆ.

ಈ ಕೋಟೆ ಗುಡ್ಡದ ಬಗ್ಗೆ ಬಳ್ಳಾರಿಯವರೆಲ್ಲ ಬಲ್ಲ ಕತೆಯೊಂದಿದೆ. ಹೈದರಲಿ 1769ರ ಹೊತ್ತಿಗೆ ಬಳ್ಳಾರಿಯನ್ನು ಗೆದ್ದು, ಫ್ರೆಂಚ್ ಎಂಜಿನಿಯರನೊಬ್ಬನಿಂದ ಕೋಟೆಯನ್ನು ಭದ್ರಪಡಿಸಿದನಂತೆ. ಕೆಲಸವೆಲ್ಲ ಮುಗಿದ ಮೇಲೆ ನೋಡಿದರೆ ಪಕ್ಕದ ಕುಂಬಾರ ಗುಡ್ಡ ಇದಕ್ಕಿಂತ ಎತ್ತರ! ಅಲ್ಲಿ ಫಿರಂಗಿ ಇಟ್ಟವನಿಗೆ ಇಡೀ ಕೋಟೆ ಅಂಗೈ ಮೇಲಿನ ನೆಲ್ಲಿಕಾಯಿ. ಸಿಟ್ಟಿಗೆದ್ದ ನವಾಬ ಆ ಎಂಜಿನಿಯರನನ್ನು ಕೋಟೆಬಾಗಿಲಲ್ಲೇ ನೇಣಿಗೆ ಹಾಕಿಸಿದನೆಂದು ಹೇಳುತ್ತಾರೆ. ಪೂರ್ವದ ಬಾಗಿಲ ಬಳಿಯ ಗೋರಿಯೊಂದನ್ನು ಕೆಲವರು ಅವನದೆಂದು ತೋರಿಸುತ್ತಾರೆ. ನಮ್ಮವರಲ್ಲಿ ಕೆಲವರು, ಅಲ್ಲ, ಅದು ಯಾವನೋ ಸಂತನ ಸಮಾಧಿ ಎನ್ನುತ್ತಾರೆ.

ಇದು ಚರಿತ್ರೆಯೋ ಕಟ್ಟುಕತೆಯೋ, ಜನ ಇದನ್ನು ಇನ್ನೂರು ವರ್ಷ ನೆನಪಿಟ್ಟುಕೊಂಡದ್ದಂತೂ ಅರ್ಥವಿಲ್ಲದ್ದಲ್ಲ. ಎಂಜಿನಿಯರ ಗುಡ್ಡವನ್ನು ಏರಿದ, ಅಳೆದ, ಕಟ್ಟಿದ. ಬಯಲಿಗಿಳಿದು ಒಮ್ಮೆ ಸುತ್ತಿ ಬಂದಿದ್ದರೆ ಕುಂಬಾರ ಗುಡ್ಡ ಅವನ ಕಣ್ಣಿಗೆ ಬೀಳದೆ ಇರುತ್ತಿರಲಿಲ್ಲ. ಹಾಗೆ ನೋಡಿದರೆ ನವಾಬನೂ ಸುತ್ತಿ ಬರಲಿಲ್ಲ. ಇಬ್ಬರಿಗೂ ಒಂದೇ ಕುರುಡು, ನೇಣು ಮಾತ್ರ ಒಬ್ಬನಿಗೆ. ಆ ಗೋರಿಯೊಳಗಿನವನನ್ನು ತಪ್ಪಿತಸ್ಥನೆನ್ನಬೇಕೋ ಸಂತನೆನ್ನಬೇಕೋ ಎಂಬ ಗೊಂದಲದಲ್ಲಿ ಜನರ ನ್ಯಾಯಪ್ರಜ್ಞೆಯೇ ಕೆಲಸ ಮಾಡಿರಬಹುದೆಂದು ಕತೆಗಾರನಾದ ನನಗೆ ಅನ್ನಿಸುತ್ತದೆ.

ಗುಡ್ಡದ ಜೊತೆ ಮನುಷ್ಯ ಮೂರು ಬಗೆಯಲ್ಲಿ ವ್ಯವಹರಿಸುತ್ತಾನೆ. ಏರುತ್ತಾನೆ, ಕಡಿಯುತ್ತಾನೆ, ಸುತ್ತುತ್ತಾನೆ. ಏರಿದವನಿಗೆ ಗೆದ್ದೆನೆಂಬ ಭಾವ ಬರುತ್ತದೆ. ಕಡಿದವನಿಗೆ ಲಾಭ ಬರುತ್ತದೆ. ಸುತ್ತುವವನಿಗೆ ಗುಡ್ಡದಿಂದ ಏನೂ ಬೇಕಿಲ್ಲ, ಆದ್ದರಿಂದ ಅವನೇ ದೊಡ್ಡವನು ಎಂದು ತೀರ್ಪು ಕೊಟ್ಟುಬಿಡುವುದು ಸುಲಭ. ಆದರೆ ಅದು ಹೊಟ್ಟೆ ತುಂಬಿದವರ ತೀರ್ಪು. ಸೊಂಟಕ್ಕೆ ಮಗು ಕಟ್ಟಿಕೊಂಡು ಜಲ್ಲಿ ಒಡೆಯುವ ತಾಯಿಗೆ ‘ಗುಡ್ಡ ಉಳಿಸಿ’ ಎಂದು ಹೇಳುವ ಮುಂಜಾನೆಯ ವಾಕಿಂಗ್‌ನವರನ್ನು ಅವಳು ನಂಬಬೇಕಾದರೂ ಯಾಕೆ? 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಅದಿರು ಗಣಿಗಾರಿಕೆಯನ್ನು ನಿಲ್ಲಿಸಿತು. ಲೂಟಿಗೆ ತಡೆ ಬೀಳಲೇಬೇಕಿತ್ತು. ಆದರೆ ಒಲೆ ಆರಿದ್ದು ಧಣಿಗಳ ಮನೆಯದಲ್ಲ, ಲಾರಿ ಕ್ಲೀನರುಗಳ ಮತ್ತು ಅದಿರು ಹೊತ್ತ ಕೂಲಿಗಳ ಮನೆಯದು. ಈ ಪ್ರಶ್ನೆಯನ್ನು ಎದುರಿಸದೆ ಗುಡ್ಡದ ಪರವಾಗಿ ಮಾತಾಡುವುದು ಪ್ರಾಮಾಣಿಕವಾಗಲಾರದು.

ಉತ್ತರವನ್ನು ನಾನು ಸಂಗನಕಲ್ಲು-ಕಪ್ಪಗಲ್ಲಿನ ಗುಡ್ಡಗಳಲ್ಲಿ ಹುಡುಕುತ್ತೇನೆ. ಇಲ್ಲಿ ನಾಲ್ಕೈದು ಸಾವಿರ ವರ್ಷಗಳ ಹಿಂದೆ ನೂತನ ಶಿಲಾಯುಗದ ಜನ ಇದ್ದರು. ಅವರೇನೂ ಗುಡ್ಡಕ್ಕೆ ಕೈಮುಗಿದು ಸುಮ್ಮನೆ ಕೂತವರಲ್ಲ. ಹಿರೇಗುಡ್ಡದ ಕರಿಗಲ್ಲನ್ನು ಒಡೆದು ಕೊಡಲಿಗಳನ್ನು ಮಾಡಿದರು. ಅದೊಂದು ದೊಡ್ಡ ಕಾರ್ಖಾನೆಯೇ ಆಗಿತ್ತು. ಅದೇ ಕರಿಗಲ್ಲಿನ ಮೇಲೆ ಡುಬ್ಬದ ಎತ್ತುಗಳನ್ನು ಕುಟ್ಟಿ ಚಿತ್ರಿಸಿದರು. ಬಡಿದರೆ ಗಂಟೆಯಂತೆ ದನಿಗೊಡುವ ಬಂಡೆಗಳೂ ಅಲ್ಲಿವೆ. ಬಡಿದು ಬಡಿದು ಬಿದ್ದ ಗುಳಿಗಳನ್ನು ಈಗಲೂ ಕಾಣಬಹುದು. 1892ರಲ್ಲಿ ಫಾಸೆಟ್ ಎಂಬ ಬ್ರಿಟಿಷ್ ಅಧಿಕಾರಿ ಇವುಗಳ ಬಗ್ಗೆ ಬರೆದ. ಮುಂದೆ ನೂರು ವರ್ಷಗಳ ಬಳಿಕ ಸಂಶೋಧಕರು ಮತ್ತೆ ಇಲ್ಲಿಗೆ ಬಂದರು. ಕಲ್ಲುಗಣಿಗಾರಿಕೆಯಿಂದ ಚಿತ್ರಗಳು ನಾಶವಾಗುತ್ತಿವೆಯೆಂದು 2004ರ ಹೊತ್ತಿಗೆ ಅವರು ಎಚ್ಚರಿಸಬೇಕಾಯಿತು.

ಹಾಗಾದರೆ ಕಲ್ಲು ಒಡೆಯುವುದೇ ಪಾಪವಲ್ಲ. ಶತಮಾನಗಟ್ಟಲೆ ಒಡೆದ ಮೇಲೂ ಅವರು ನಮಗೆ ಗುಡ್ಡವನ್ನು ಬಿಟ್ಟುಹೋದರು. ಯಂತ್ರ ಇರಲಿಲ್ಲ ಎಂಬುದು ಒಂದು ಕಾರಣ, ನಿಜ. ಇನ್ನೊಂದು ಕಾರಣವೂ ಇದೆ. ಒಡೆದವರು ಅಲ್ಲೇ ಉಂಡರು, ಅಲ್ಲೇ ದನ ಕಟ್ಟಿದರು, ಸತ್ತವರನ್ನು ಅಲ್ಲೇ ಹೂಳಿದರು. ಇಂದು ಒಡೆದ ಗುಡ್ಡದ ಬುಡದಲ್ಲೇ ನಾಳೆ ಅವರು ನಡೆಯಬೇಕಿತ್ತು. ಇಂದು ಗುಡ್ಡವನ್ನು ಗುತ್ತಿಗೆ ಹಿಡಿಯುವವನ ಮನೆ ಬೇರೆಲ್ಲೋ ಇರುತ್ತದೆ. ಅನುಮತಿಯ ಕಾಗದಕ್ಕೆ ಸಹಿ ಬೀಳುವುದು ಇನ್ನೆಲ್ಲೋ. ದೂಳು ಕುಡಿಯುವವಳು ಮಾತ್ರ ಗುಡ್ಡದ ಬುಡದಲ್ಲಿದ್ದಾಳೆ. ಕಲ್ಲು ಒಡೆಯುವ ಆ ತಾಯಿ ಗುಡ್ಡದ ಶತ್ರುವಲ್ಲ. ಗುಡ್ಡಕ್ಕೂ ಅವಳ ಎದೆಗೂ ಬೀಳುತ್ತಿರುವುದು ಒಂದೇ ಪೆಟ್ಟು.

ಸುತ್ತಿ ಬರುವ ನಡಿಗೆಯ ಅರ್ಥ ನನಗೆ ಇಲ್ಲಿ ಹೊಳೆಯುತ್ತದೆ. ನೇರವಾಗಿ ಹೋಗಿಬಿಡುವವನು ಹಿಂದೆ ಏನು ಬಿಟ್ಟುಹೋದರೂ ಕೇಳುವವರಿಲ್ಲ. ಮರಳಿ ಬರಬೇಕಾದವನು ತಾನು ಬಿಟ್ಟದ್ದನ್ನು ತಾನೇ ತುಳಿಯಬೇಕಾಗುತ್ತದೆ. ಮರಳಿ ಬರುವುದೆಂದರೆ ಉತ್ತರ ಹೇಳುವುದು. ಯಾವುದೇ ಗುಡ್ಡದ ಹಣೆಬರಹ ಬರೆಯುವ ಮುಂಚೆ ಕೇಳಬೇಕಾದ ಮೊದಲ ಪ್ರಶ್ನೆ ಇದೇ: ನಾಳೆ ಈ ದಾರಿಯಲ್ಲಿ ಮತ್ತೆ ನಡೆಯಬೇಕಾದವರು ಯಾರು? ಅವರನ್ನು ಕೇಳಿದ್ದೀರಾ?

ಆದರೆ ಮರಳಿ ಬರಲು ದಾರಿ ಇರಬೇಕಲ್ಲ! ಇಂಗ್ಲೆಂಡಿನಲ್ಲಿ 1932ರಲ್ಲಿ ಕಿಂಡರ್ ಸ್ಕೌಟ್ ಎಂಬ ಬೆಟ್ಟಕ್ಕೆ ಕಾರ್ಮಿಕರು ಭೂಮಾಲೀಕರ ತಡೆ ಮುರಿದು ನುಗ್ಗಿದರು. ಕೆಲವರು ಜೈಲು ಕಂಡರು. ಜನರ ನಡೆಯುವ ಹಕ್ಕನ್ನು ವಿಸ್ತರಿಸುವ ಕಾನೂನು ಅಲ್ಲಿ ಬಂದದ್ದು 2000ದಲ್ಲಿ. ಅಲ್ಲಿನ ಸುಣ್ಣಕಲ್ಲಿನ ಮೆದು ಗುಡ್ಡಗಳಲ್ಲಿ ಇಂದು ಜನ ನಿಶ್ಚಿಂತೆಯಿಂದ ನಡೆಯುವುದರ ಹಿಂದೆ ಹೊಲಗಳ ನಡುವಿನ ಕಾಲುದಾರಿಯನ್ನೂ ಸಾರ್ವಜನಿಕರ ಹಕ್ಕೆಂದು ಕಾಯ್ದುಕೊಂಡ ಪರಂಪರೆ ಇದೆ. ನಮ್ಮಲ್ಲಿ 1882ರ ಅನುಭೋಗದ ಹಕ್ಕುಗಳ ಕಾಯ್ದೆ ಆಗ ಮದ್ರಾಸ್ ಪ್ರಾಂತದಲ್ಲಿದ್ದ ಬಳ್ಳಾರಿಗೂ ಅನ್ವಯಿಸಿತು. ಇಪ್ಪತ್ತು ವರ್ಷ ತಡೆಯಿಲ್ಲದೆ ಬಹಿರಂಗವಾಗಿ ಹಕ್ಕಿನಿಂದ ನಡೆದರೆ ಇನ್ನೊಬ್ಬರ ನೆಲದ ಮೇಲಿನ ದಾರಿಯೂ ಹಕ್ಕಾಗುತ್ತದೆಂದು ಅದು ಹೇಳುತ್ತದೆ. ಮತ್ತೆ ಮತ್ತೆ ನಡೆದ ಪಾದಕ್ಕೆ ಕಾನೂನು ಕೊಟ್ಟ ಮರ್ಯಾದೆ ಅದು. ಆದರೆ ಆ ಹಕ್ಕು ದಕ್ಕುವುದು ತನ್ನ ನೆಲಕ್ಕೆ ಹೋಗಬೇಕಾದವನಿಗೆ. ನೆಲವೇ ಇಲ್ಲದ, ಸೌದೆಗೋ ಕುರಿ ಮೇಯಿಸಲಿಕ್ಕೋ ಗುಡ್ಡ ಸುತ್ತುವವಳ ಪಾದದ ಲೆಕ್ಕ ಈ ಹಕ್ಕಿನಲ್ಲಿ ಇಲ್ಲ.

ಹೆಣ್ಣಿನ ಮಾತು ಬಂದಾಗ ಇನ್ನೊಂದನ್ನೂ ಹೇಳಬೇಕು. ನಾನು ‘ಯಾರು ಬೇಕಾದರೂ’ ಸುತ್ತಬಹುದು ಎಂದು ಮೇಲೆ ಬರೆದದ್ದು ಗಂಡಸಿನ ಮಾತು. ನಮ್ಮ ಮೊಹಲ್ಲಾದ ಹೆಂಗಸರಿಗೆ, ಹಾಗೆಯೇ ಕುರುಗೋಡಿನ ಓಣಿಗಳ ಹೆಂಗಸರಿಗೆ, ಕಾರಣವಿಲ್ಲದೆ ನಡೆಯುವ ಸ್ವಾತಂತ್ರ್ಯ ಸಿಗುವುದು ಉರುಸಿನ ದಿನ, ದೊಡ್ಡಬಸವೇಶ್ವರನ ತೇರಿನ ದಿನ. ದೇವರ ಹೆಸರಿನಲ್ಲಿ ಮನೆಯವರಿಂದ ಅವರು ಪಡೆದುಕೊಳ್ಳುವ ರಜೆ ಅದು. ಆ ರಜೆಯನ್ನು ಭಕ್ತಿಯೆಂದಷ್ಟೇ ತಿಳಿದವರು ಅವರ ಮುಖ ನೋಡಿಲ್ಲ. ಗುಡ್ಡದ ಬುಡದ ದಾರಿ ಮುಚ್ಚಿಹೋದರೆ ಗಂಡಸರಿಗೆ ಬೇರೆ ದಾರಿಗಳಿವೆ. ಇವರಿಗೆ ಇರುವ ಒಂದೋ ಎರಡೋ ದಾರಿಗಳಲ್ಲಿ ಒಂದು ಹೋದಂತೆ.

ಹೊಸದಾಗಿ ಕಲ್ಲುಗಣಿಗೆ ಅನುಮತಿ ಕೊಡುವ ಮುಂಚೆ ಆ ಗುಡ್ಡದ ಸುತ್ತಲಿನ ಕಾಲುದಾರಿಗಳನ್ನು ಗ್ರಾಮ ನಕಾಶೆಯಲ್ಲಿ ಗುರುತಿಸಲಿ. ಗುರುತಿಸುವವರು ಜೀಪಿನಲ್ಲಿ ಕೂತು ನೋಡದೆ ಒಂದು ಸುತ್ತು ನಡೆದು ಬರಲಿ. ಜಲ್ಲಿ ಒಡೆಯುವ ಕೈಗಳಿಗೆ ಬೇರೆ ಕೆಲಸ ಎಲ್ಲಿದೆ ಎಂಬುದೂ ಅದೇ ಕಾಗದದಲ್ಲಿ ಬರೆಯಲ್ಪಡಲಿ. ಇಷ್ಟು ಮಾಡಿದ ಮೇಲೂ ಊರಿನವರು ಒಂದಿಷ್ಟು ಕಲ್ಲು ಒಡೆಯೋಣ ಎಂದರೆ ಒಡೆಯಲಿ. ಎಷ್ಟು ಒಡೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ನಾಳೆಯೂ ಅಲ್ಲಿ ನಡೆಯಬೇಕಾದವರಷ್ಟು ಚೆನ್ನಾಗಿ ಬೇರೆ ಯಾರೂ ಹೇಳಲಾರರು.