ಜವಾಬು ಕೊಡಬೇಕಾದವರು ಯಾರು?

ನಮ್ಮ ಮನೆಯಲ್ಲಿ ಹತ್ತು ತಿಂಗಳ ಮೊಮ್ಮಗಳಿದ್ದಾಳೆ. ಅವಳ ಮೈಗೆ ಹಚ್ಚುವ ಕ್ರೀಮಿನ ಡಬ್ಬಿ ಓದಿ, ಕಾಲೇಜಿಗೆ ಹೋಗುವ ದೊಡ್ಡ ಮೊಮ್ಮಗಳು, "ಮುತ್ಯಾ, ಇದರಾಗ ಪ್ಯಾರಾಬೆನ್ ಐತಿ" ಅಂದಳು. ನಾವು ಜತ್ತದ ಕಡೆಯವರು ಕನ್ನಡ ಓದ್ತೀವಿ, ಮರಾಠಿನೂ ಓದ್ತೀವಿ. ಡಬ್ಬಿಯ ಮೇಲಿನ ಇರುವೆಯಂಥ ಅಕ್ಷರ ಎರಡೂ ಅಲ್ಲ.

ಪ್ಯಾರಾಬೆನ್ ಅಂದರೆ ಕೆಡದಂತೆ ಇಡುವ ಔಷಧ. ಉಪ್ಪಿನಕಾಯಿಗೆ ಉಪ್ಪು ಇದ್ದಂಗ. ಕ್ರೀಮಿನಲ್ಲಿ ನೀರಿರುತ್ತದೆ, ನೀರಿದ್ದಲ್ಲಿ ಬೂಷ್ಟು ಬರುತ್ತದೆ. ಬೂಷ್ಟು ಹಿಡಿದದ್ದನ್ನು ಕೂಸಿನ ಮೈಗೆ ಹಚ್ಚಲಾದೀತೇ? ಆದ್ದರಿಂದ ಹಾಕಿದ್ದೇ ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ.

ಆದರೆ ಇದು ಮೈಯೊಳಗೆ ಇಳಿದು ಈಸ್ಟ್ರೋಜೆನ್ ಎಂಬ ಹೆಣ್ಣಿನ ಹಾರ್ಮೋನಿನ ವೇಷ ಹಾಕುತ್ತದೆ. ಬಲ ಮಾತ್ರ ನಿಜವಾದ ಹಾರ್ಮೋನಿಗಿಂತ ಸಾವಿರಾರು ಪಟ್ಟು ಕಡಿಮೆ. "ಇಷ್ಟು ಸಣ್ಣದು ಏನ್ ಮಾಡೀತು?" ಎಂದು ಮಾರುವವರ ಮಾತು. ನಾನು ದ್ರಾಕ್ಷಿ ಬೆಳೆಯುವವ. 100 ಲೀಟರ್ ನೀರಿಗೆ ಒಂದೇ ಗ್ರಾಮ್ ಜಿಎ ಹಾಕಿ ಹೊಡೆದರೆ ಗೊಂಚಲು ಉದ್ದ ಇಳಿಯುತ್ತದೆ. ಅದು ಗಿಡದ ಹಾರ್ಮೋನು, ಅದರಿಂದ ಇದು ಸಿದ್ಧವಾಗೂದಿಲ್ಲ, ಒಪ್ಪುತ್ತೇನೆ. ಆದರೂ 'ಸಣ್ಣದು' ಅಂದ ಮಾತ್ರಕ್ಕೆ ನಾನು ಸುಮ್ಮನಾಗುವವನಲ್ಲ.

2004ರಲ್ಲಿ ಇಂಗ್ಲೆಂಡಿನ ರೀಡಿಂಗ್ ವಿಶ್ವವಿದ್ಯಾಲಯದವರು ಸ್ತನದ 20 ಗಡ್ಡೆಗಳ ತುಣುಕು ಪರೀಕ್ಷಿಸಿ ಅದರಲ್ಲಿ ಪ್ಯಾರಾಬೆನ್ ಕಂಡರು. ಗಡ್ಡೆ ಅದರಿಂದಲೇ ಆಯಿತು ಅಂತ ಅವರು ಹೇಳಲಿಲ್ಲ. ಈ ಎರಡನೇ ಮಾತನ್ನು ನುಂಗಿ ಹೆದರಿಸುವವರು ಬಹಳ. ಅಮೆರಿಕದ ಸಲಿನಾಸ್ ನಮ್ಮಂಗ ಬೇಸಾಯದ ಸೀಮೆ. ಅಲ್ಲಿಯ 100 ಹುಡುಗಿಯರು 3 ದಿನ ಇಂಥವಿಲ್ಲದ ಸಾಬೂನು, ಕ್ರೀಮು ಬಳಸಿದರು. ಅವರ ಮೂತ್ರದಲ್ಲಿ ಮೀಥೈಲ್ ಪ್ಯಾರಾಬೆನ್ ನೂರಕ್ಕೆ 40ಕ್ಕಿಂತ ಹೆಚ್ಚು ಇಳಿಯಿತು. ಡೆನ್ಮಾರ್ಕ್ ದೇಶ 2011ರಲ್ಲಿ 3 ವರ್ಷದೊಳಗಿನ ಮಕ್ಕಳ ಸಾಮಾನಿನಲ್ಲಿ ಎರಡು ಬಗೆಯ ಪ್ಯಾರಾಬೆನ್ ಬೇಡವೆಂದಿತು. ಹಾನಿ ಸಿದ್ಧವಾಯಿತೆಂದಲ್ಲ, ಸಂಶಯ ಇದೆಯೆಂದು.

ಗೀಗೀ ಮೇಳದಲ್ಲಿ ಸವಾಲು ಬಿದ್ದರೆ ಜವಾಬು ಕೊಡಬೇಕಾದವರು ಎದುರಿನ ಮೇಳದವರು, ಕುಂತು ಕೇಳುವ ಮಂದಿಯಲ್ಲ. ಇಲ್ಲಿ ತಾಯಿ "ಇದು ಕೂಸಿಗೆ ಸುರಕ್ಷಿತವೇ?" ಅಂದರೆ, "ಹಾನಿ ಆದದ್ದು ನೀನೇ ತೋರಿಸು" ಎಂದು ಸವಾಲನ್ನೇ ಅವಳ ಉಡಿಗೆ ಹಾಕುತ್ತಾರೆ. ಲಾಭ ತಗೊಳ್ಳುವವರು ಒಬ್ಬರು, ಸಂಶಯ ಹೊರುವವರು ಇನ್ನೊಬ್ಬರು. ಇದು ಯಾವ ನ್ಯಾಯ?

ಇಷ್ಟು ಬರೆದ ಮೇಲೆ ನನ್ನದೂ ಹೇಳಬೇಕು. ಕೊನೇ ಸರತಿ ಎಣ್ಣಿ ಹೊಡೆಯುವಾಗ ಮನೆಮಂದಿಗೆ ಅಂತ ಎರಡು ಬಳ್ಳಿ ಬಿಟ್ಟು ಹೊಡೀತಿದ್ದೆ. ಉಳಿದದ್ದು ಪೇಟೆಗೆ. ತಿಂದವರು ಯಾರೂ ಬಂದು ಕೇಳಲಿಲ್ಲ. ಕೇಳಿದ್ದರೆ ನಾನೂ, "ಏನ್ ಆಗೇತಿ ತೋರಸ್ರಿ" ಅಂತಿದ್ದೆ.

ಕೂಸಿಗೆ ಸದ್ಯ ಕೊಬ್ಬರಿ ಎಣ್ಣೆ ಹಚ್ಚುತ್ತಾರೆ. ಮೊನ್ನೆ ಸೊಸೆ, "ಮಾವಾರ, ಡಬ್ಬಿ ಮಾತು ಆತು, ಉಳಿದ ಬಳ್ಳಿಗೆ ಈ ಸಲ ಏನ್ ಮಾಡ್ತೀರಿ?" ಅಂದಳು. ಜವಾಬು ಇನ್ನೂ ಕೊಟ್ಟಿಲ್ಲ.